ಸೊಂಟದ ಕೀಲು ಎರಡನೇ ಬಾರಿ ಬದಲಿಸಬೇಕಾದಾಗ: ಸವೆದ ಮೂಳೆ, ಸಿಗದ ದಾಖಲೆ

ನವದೆಹಲಿ: ಸೊಂಟದ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಈಗ ದೊಡ್ಡ ನಗರಗಳಿಗೆ ಮಾತ್ರ ಸೀಮಿತವಲ್ಲ. ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಕೆಲವೇ ದಿನಗಳಲ್ಲಿ ರೋಗಿ ವಾಕರ್ ಹಿಡಿದು ಮನೆಗೆ ಹೋಗುತ್ತಾರೆ, ತಿಂಗಳೆರಡು ತಿಂಗಳಲ್ಲಿ ಮದುವೆ ಮನೆಯಲ್ಲೂ ಓಡಾಡುತ್ತಾರೆ. ಆದರೆ ಅದೇ ಕೃತಕ ಕೀಲು ಹತ್ತು, ಹದಿನೈದು ವರ್ಷಗಳ ನಂತರ ಸಡಿಲವಾದರೆ? ಅದರ ಸುತ್ತಲಿನ ಮೂಳೆಯೇ ಸವೆದು ಹೋಗಿದ್ದರೆ? ಆಗ ಬೇಕಾಗುವ ಎರಡನೇ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಹಲವು ಪಟ್ಟು ಕಷ್ಟದ್ದು. ವೈದ್ಯರು ಅದನ್ನು 'ರಿವಿಷನ್' ಎನ್ನುತ್ತಾರೆ.

ಇಂಥ ಶಸ್ತ್ರಚಿಕಿತ್ಸೆಯ ಬಗ್ಗೆ ಚರ್ಚೆ ಬಂದಾಗಲೆಲ್ಲ ಹೊಸ ಲೋಹ, ತ್ರೀಡಿ ಪ್ರಿಂಟಿಂಗ್, ರೋಬೋಟ್ ಎಂಬ ಮಾತೇ ಮುಂದೆ ಬರುತ್ತದೆ. ಅವೆಲ್ಲ ಬೇಕು, ನಿಜ. ಆದರೆ ದೆಹಲಿಯಲ್ಲಿ ದೇಶದ ಮುಂದೆ ಬಂದ ಒಂದು ಪ್ರಕರಣ ಬೇರೆಯೇ ಪಾಠ ಹೇಳುತ್ತದೆ. ಮೂಳೆ ತೀವ್ರವಾಗಿ ಸವೆಯುವುದು ಒಂದೇ ರಾತ್ರಿಯಲ್ಲಲ್ಲ, ಯಾರೂ ನೋಡದೇ ಬಿಟ್ಟ ವರ್ಷಗಳಲ್ಲಿ. ಯಾರಿಗೆ ಯಾವ ಕೀಲು ಹಾಕಲಾಗಿದೆ ಎಂಬ ಲೆಕ್ಕವೇ ಇಲ್ಲದಿದ್ದರೆ, ಎಷ್ಟು ನುರಿತ ಸರ್ಜನ್ ಇದ್ದರೂ ರೋಗಿ ಅವರ ಬಳಿ ಬರುವುದು ತಡವಾಗಿಯೇ.

ಏನಿದು ಎಎಸ್‌ಆರ್ ಪ್ರಕರಣ?

ಜಾನ್ಸನ್ ಆ್ಯಂಡ್ ಜಾನ್ಸನ್ ಸಮೂಹದ ಡೆಪ್ಯೂ ಕಂಪನಿ ತಯಾರಿಸಿದ ಎಎಸ್‌ಆರ್ ಹೆಸರಿನ ಸೊಂಟದ ಕೀಲಿಗೆ ಭಾರತದಲ್ಲಿ ಆಮದು ಪರವಾನಗಿ ಸಿಕ್ಕಿದ್ದು 2006ರ ಡಿಸೆಂಬರ್‌ನಲ್ಲಿ. ಇದರ ಬಟ್ಟಲೂ ಲೋಹ, ಅದರೊಳಗೆ ತಿರುಗುವ ಗುಂಡೂ ಲೋಹ. ಕೋಬಾಲ್ಟ್ ಮತ್ತು ಕ್ರೋಮಿಯಂ ಮಿಶ್ರಣದ ಈ ಜೋಡಿ ಹೆಚ್ಚು ಬಾಳಿಕೆ ಬರುತ್ತದೆ, ವಯಸ್ಸು ಚಿಕ್ಕದಿರುವ, ಚಟುವಟಿಕೆಯ ರೋಗಿಗಳಿಗೆ ಸೂಕ್ತ ಎಂಬ ನಿರೀಕ್ಷೆ ಇತ್ತು.

ನಿರೀಕ್ಷೆ ಸುಳ್ಳಾಯಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಕೀಲು ನೋಂದಣಿ 2007ರಿಂದಲೇ ಈ ಮಾದರಿಯಲ್ಲಿ ಮರು ಶಸ್ತ್ರಚಿಕಿತ್ಸೆಯ ಪ್ರಮಾಣ ಹೆಚ್ಚಿದೆ ಎಂದು ಗುರುತಿಸಿತ್ತು. 2009ರ ಡಿಸೆಂಬರ್‌ನಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಅದನ್ನು ತೆಗೆಯಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ನೋಂದಣಿಯ ಅಂಕಿಅಂಶ ಇನ್ನೂ ಸ್ಪಷ್ಟವಾಗಿತ್ತು: ಐದು ವರ್ಷಗಳೊಳಗೆ ಸುಮಾರು ಶೇ 12ರಿಂದ 13ರಷ್ಟು ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ. 2010ರ ಆಗಸ್ಟ್‌ನಲ್ಲಿ ಕಂಪನಿ ವಿಶ್ವದಾದ್ಯಂತ ಈ ಕೀಲನ್ನು ಹಿಂದಕ್ಕೆ ಪಡೆಯಿತು. ಆ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 93 ಸಾವಿರ ಜನರಿಗೆ ಅದನ್ನು ಅಳವಡಿಸಲಾಗಿತ್ತು.

ಭಾರತದಲ್ಲಿ ಈ ಸಂಖ್ಯೆ ಸುಮಾರು 4,700. ಕೇಂದ್ರ ಆರೋಗ್ಯ ಸಚಿವಾಲಯ 2017ರ ಫೆಬ್ರುವರಿಯಲ್ಲಿ, ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ಮಾಜಿ ಡೀನ್ ಡಾ. ಅರುಣ್ ಅಗರ್ವಾಲ್ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ 2018ರಲ್ಲಿ ವರದಿ ನೀಡಿತು. ಅದರಲ್ಲಿ ಹೆಚ್ಚು ಕಳವಳ ಹುಟ್ಟಿಸಿದ್ದು ಒಂದು ಸಂಖ್ಯೆ: ಸುಮಾರು 3,600 ರೋಗಿಗಳು ಎಲ್ಲಿದ್ದಾರೆ ಎಂಬುದೇ ಪತ್ತೆಯಾಗಿಲ್ಲ. ಸಹಾಯವಾಣಿಯಲ್ಲಿ ಹೆಸರು ನೋಂದಾಯಿಸಿದವರು ಸಾವಿರದ ಆಸುಪಾಸು ಮಾತ್ರ. ಅವರಲ್ಲಿ 250ಕ್ಕೂ ಹೆಚ್ಚು ಜನರಿಗೆ ಮರು ಶಸ್ತ್ರಚಿಕಿತ್ಸೆ ಆಗಿತ್ತು.

ಉಳಿದ 3,600 ಮಂದಿಯ ಸೊಂಟದಲ್ಲಿ ಏನಾಗುತ್ತಿದೆ? ಇದು ಕೇವಲ ಕಾನೂನಿನ ಪ್ರಶ್ನೆಯಲ್ಲ. ನೇರವಾಗಿ ಮೂಳೆಯ ಪ್ರಶ್ನೆ.

ಮೂಳೆ ಸವೆಯುವುದು ಹೇಗೆ?

ಕೃತಕ ಕೀಲಿನ ಎರಡು ಭಾಗಗಳು ಪ್ರತಿ ಹೆಜ್ಜೆಗೂ ಒಂದಕ್ಕೊಂದು ಉಜ್ಜುತ್ತವೆ. ಹಾಗೆ ಉಜ್ಜಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಉದುರುತ್ತವೆ. ಹಳೆಯ ಮಾದರಿಗಳಲ್ಲಿ ಅವು ಪ್ಲಾಸ್ಟಿಕ್ ಕಣಗಳು, ಎಎಸ್‌ಆರ್‌ನಂಥ ಮಾದರಿಗಳಲ್ಲಿ ಲೋಹದ ಕಣಗಳು. ದೇಹದ ರಕ್ಷಣಾ ಕೋಶಗಳು ಈ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಅದರಿಂದ ಉಂಟಾಗುವ ಉರಿಯೂತ, ಮೂಳೆಯನ್ನು ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ. ಕೀಲಿನ ಸುತ್ತ ಮೂಳೆಯಲ್ಲಿ ನಿಧಾನವಾಗಿ ಪೊಳ್ಳು ಬೀಳುತ್ತದೆ. ಲೋಹದ ಕಣಗಳಾದರೆ ಮೂಳೆಯ ಜೊತೆ ಸುತ್ತಲಿನ ಸ್ನಾಯುಗಳಿಗೂ ಹಾನಿ. ಕೆಲವರಲ್ಲಿ ಗಡ್ಡೆಯಂಥ ಊತವೂ ಕಾಣಿಸುತ್ತದೆ, ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಪ್ರಮಾಣ ಏರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಈ ಸವೆತ ಶುರುವಿನಲ್ಲಿ ನೋಯುವುದಿಲ್ಲ. ಕೀಲು ಸಡಿಲವಾಗುವವರೆಗೆ ಅಥವಾ ಮೂಳೆ ಮುರಿಯುವವರೆಗೆ ರೋಗಿ ಆರಾಮವಾಗಿಯೇ ನಡೆದಾಡುತ್ತಿರಬಹುದು. 'ನೋವಿಲ್ಲ, ಹಾಗಾದರೆ ಎಲ್ಲ ಸರಿಯಿದೆ' ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ನೋವು ಬಂದು ಆಸ್ಪತ್ರೆಗೆ ಹೋಗುವ ಹೊತ್ತಿಗೆ, ಹೊಸ ಕೀಲನ್ನು ಹಿಡಿದು ನಿಲ್ಲಿಸಬೇಕಾದ ಮೂಳೆಯೇ ಅಲ್ಲಿ ಇಲ್ಲದಿರಬಹುದು.

ಎಲ್ಲ ಮೂಳೆ ನಷ್ಟಕ್ಕೂ ದೋಷಪೂರಿತ ಇಂಪ್ಲಾಂಟೇ ಕಾರಣವಲ್ಲ. ಸೋಂಕು, ಕೀಲಿನ ಸುತ್ತ ಮೂಳೆ ಮುರಿತ, ಹಳೆಯ ಸಿಮೆಂಟ್ ಅಥವಾ ಇಂಪ್ಲಾಂಟ್ ಹೊರತೆಗೆಯುವಾಗ ಆಗುವ ಹಾನಿ, ಇವೂ ಸೇರಿಕೊಳ್ಳುತ್ತವೆ. ಒಂದೇ ಸೊಂಟಕ್ಕೆ ಎರಡು, ಮೂರು ಬಾರಿ ಶಸ್ತ್ರಚಿಕಿತ್ಸೆ ಆದವರಲ್ಲಿ ಪ್ರತಿ ಸಲವೂ ಒಂದಿಷ್ಟು ಮೂಳೆ ಹೋಗುತ್ತದೆ. ಫಲಿತಾಂಶವೂ ಸಲದಿಂದ ಸಲಕ್ಕೆ ಇಳಿಯುತ್ತದೆ.

ವೈದ್ಯರ ಮುಂದಿರುವ ಸವಾಲೇನು?

ಮೂಳೆ ಎಷ್ಟು ಹೋಗಿದೆ, ಎಲ್ಲಿ ಹೋಗಿದೆ ಎಂಬುದು ಮೊದಲ ಪ್ರಶ್ನೆ. ಅಮೆರಿಕದ ಸರ್ಜನ್ ವೇಯ್ನ್ ಪ್ಯಾಪ್ರೋಸ್ಕಿ ಅವರ ಹೆಸರಿನ ವರ್ಗೀಕರಣವನ್ನು ವೈದ್ಯರು ಇಂದಿಗೂ ಹೆಚ್ಚಾಗಿ ಬಳಸುತ್ತಾರೆ. ಒಂದನೇ ದರ್ಜೆಯಲ್ಲಿ ಬಟ್ಟಲಿನ ಅಂಚು ಗಟ್ಟಿಯಾಗಿಯೇ ಇರುತ್ತದೆ. ಮೂರನೇ ದರ್ಜೆಯಲ್ಲಿ ಬಟ್ಟಲಿನ ಗೋಡೆಗಳು ಕುಸಿದು, ಕೀಲಿನ ಕೇಂದ್ರವೇ ಮೇಲಕ್ಕೆ ಸರಿದಿರುತ್ತದೆ. ಅತಿ ಕೆಟ್ಟ ಸ್ಥಿತಿಯಲ್ಲಿ ಸೊಂಟದ ಮೂಳೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಸಂಪರ್ಕವೇ ಕಡಿದುಹೋಗಿರುತ್ತದೆ. ಸಾದಾ ಎಕ್ಸ್‌ರೇ ಈ ನಷ್ಟವನ್ನು ಕಡಿಮೆ ಮಾಡಿ ತೋರಿಸುವ ಸಾಧ್ಯತೆ ಇರುವುದರಿಂದ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಎರಡನೇ ಪ್ರಶ್ನೆ ಸೋಂಕಿನದು. ರಕ್ತ ಪರೀಕ್ಷೆ ಮಾಡಿ, ಕೀಲಿನ ದ್ರವ ತೆಗೆದು ಪರೀಕ್ಷಿಸಿ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಮುಂದುವರಿಯುವಂತಿಲ್ಲ. ಸೋಂಕಿದ್ದರೆ ಅನೇಕ ಸಂದರ್ಭಗಳಲ್ಲಿ ಎರಡು ಹಂತದ ಚಿಕಿತ್ಸೆ: ಮೊದಲು ಹಳೆಯ ಕೀಲು ತೆಗೆದು ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟ್‌ನ ತಾತ್ಕಾಲಿಕ ಕೀಲು ಇಡುವುದು, ಸೋಂಕು ಹೋದ ಮೇಲೆ ಹೊಸದನ್ನು ಹಾಕುವುದು. ನಡುವಿನ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ರೋಗಿಯ ಓಡಾಟ ಬಹುಪಾಲು ಮನೆಯೊಳಗೇ.

ನಂತರ ಬರುವುದು ಮೂಳೆ ಇಲ್ಲದ ಕಡೆ ಏನನ್ನು ತುಂಬಬೇಕು ಎಂಬ ಪ್ರಶ್ನೆ. ನಷ್ಟ ಕಡಿಮೆಯಿದ್ದರೆ ಒರಟು ಮೇಲ್ಮೈಯ ದೊಡ್ಡ ಬಟ್ಟಲೇ ಸಾಕಾಗಬಹುದು. ಅದರ ರಂಧ್ರಗಳೊಳಗೆ ರೋಗಿಯ ಮೂಳೆಯೇ ಬೆಳೆದು ಹಿಡಿದುಕೊಳ್ಳುತ್ತದೆ. ಒಂದು ಕಡೆಯ ಗೋಡೆ ಹೋಗಿದ್ದರೆ ಟ್ಯಾಂಟಲಮ್ ಅಥವಾ ಟೈಟಾನಿಯಂನ ತುಂಡನ್ನು ಆ ಜಾಗಕ್ಕೆ ಕೂರಿಸಿ, ಅದರ ಪಕ್ಕದಲ್ಲಿ ಬಟ್ಟಲು ನಿಲ್ಲಿಸುತ್ತಾರೆ. ದಾನಿಗಳಿಂದ ಪಡೆದ ಮೂಳೆಯನ್ನು ಚೂರು ಮಾಡಿ ಒತ್ತಿ ತುಂಬುವುದು ಇನ್ನೊಂದು ವಿಧಾನ. ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ಬೆಳೆಸಿದರು. ಸಂಪರ್ಕವೇ ಕಡಿದ ಸೊಂಟದಲ್ಲಿ ಲೋಹದ ಪಂಜರ ಇಟ್ಟು ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಸ್ಕ್ರೂ ಹಾಕಿ ಬಿಗಿಯಬೇಕು, ಇಲ್ಲವೇ ಸಿಟಿ ಸ್ಕ್ಯಾನ್ ಆಧರಿಸಿ ಅದೇ ರೋಗಿಯ ಅಳತೆಗೆ ವಿಶೇಷ ಇಂಪ್ಲಾಂಟ್ ಮಾಡಿಸಬೇಕು.

ತೊಡೆಮೂಳೆಯ ಕಡೆ ಮೇಲ್ಭಾಗ ಸವೆದಿದ್ದರೆ, ಕೆಳಗಿನ ಗಟ್ಟಿ ಮೂಳೆಯಲ್ಲಿ ಕಚ್ಚಿಕೊಳ್ಳುವಂಥ ಉದ್ದನೆಯ ಟೈಟಾನಿಯಂ ಕಡ್ಡಿ ಬೇಕು. ಮೂಳೆ ಪೂರ್ತಿ ಹಾಳಾಗಿದ್ದರೆ ತೊಡೆಮೂಳೆಯ ಮೇಲ್ಭಾಗವನ್ನೇ ಲೋಹದಿಂದ ಬದಲಿಸಬೇಕಾಗುತ್ತದೆ.

ಇವೆಲ್ಲ ದೀರ್ಘ ಹೊತ್ತು ಹಿಡಿಯುವ, ಹೆಚ್ಚು ರಕ್ತ ಬೇಕಾಗುವ ಶಸ್ತ್ರಚಿಕಿತ್ಸೆಗಳು. ಕೀಲು ಜಾರುವ, ಸೋಂಕು ತಗಲುವ ಅಪಾಯವೂ ಮೊದಲ ಬಾರಿಗಿಂತ ಹೆಚ್ಚು. ಒಳಗೆ ಈಗಾಗಲೇ ಯಾವ ಕಂಪನಿಯ, ಯಾವ ಮಾದರಿಯ, ಯಾವ ಅಳತೆಯ ಕೀಲಿದೆ ಎಂದು ಗೊತ್ತಿದ್ದರೆ ಕೆಲವೊಮ್ಮೆ ಸವೆದ ಭಾಗವನ್ನಷ್ಟೇ ಬದಲಿಸಿ ಗಟ್ಟಿಯಾಗಿರುವುದನ್ನು ಹಾಗೇ ಬಿಡಬಹುದು. ಹಳೆಯ ದಾಖಲೆ ಇಲ್ಲದಿದ್ದರೆ ಆ ಅವಕಾಶ ತಪ್ಪುತ್ತದೆ. ಚೆನ್ನಾಗಿರುವ ಭಾಗವನ್ನೂ ಕಿತ್ತು ತೆಗೆಯಬೇಕಾಗಬಹುದು, ಜೊತೆಗೆ ಇನ್ನಷ್ಟು ಮೂಳೆಯೂ ಹೋಗಬಹುದು. ಆಸ್ಪತ್ರೆಯ ಕಡತದಲ್ಲಿ ಇರಬೇಕಾದ ಒಂದು ಸಣ್ಣ ಸ್ಟಿಕ್ಕರ್‌ನ ಬೆಲೆ ಇಷ್ಟು.

ದಾನದ ಮೂಳೆ ಎಲ್ಲಿಂದ?

ಕಣ್ಣು, ಮೂತ್ರಪಿಂಡ ದಾನದ ಬಗ್ಗೆ ನಮ್ಮಲ್ಲಿ ಅರಿವು ಬೆಳೆದಿದೆ. ಮೂಳೆಯನ್ನೂ ದಾನ ಮಾಡಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮೊದಲ ಬಾರಿ ಸೊಂಟದ ಕೀಲು ಬದಲಿಸಿಕೊಳ್ಳುವವರ ದೇಹದಿಂದ ತೆಗೆಯುವ ತೊಡೆಮೂಳೆಯ ಗುಂಡನ್ನು, ಅವರ ಒಪ್ಪಿಗೆ ಪಡೆದು, ಪರೀಕ್ಷಿಸಿ, ಶೈತ್ಯದಲ್ಲಿಟ್ಟು ಇನ್ನೊಬ್ಬರಿಗೆ ಬಳಸಬಹುದು. ಮೃತರ ಮೂಳೆಯನ್ನೂ ಕುಟುಂಬದ ಒಪ್ಪಿಗೆಯೊಂದಿಗೆ ಪಡೆಯಬಹುದು.

ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ಸೇರಿಸಲಾಗಿದೆ. ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆ ಇರುವುದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಆವರಣದಲ್ಲೇ. ದೆಹಲಿಯ ಏಮ್ಸ್, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಕೆಲವು ಸಂಸ್ಥೆಗಳಲ್ಲಿ ಈ ವ್ಯವಸ್ಥೆ ಇದೆ. ಆದರೆ ದೇಶದ ಅಗತ್ಯಕ್ಕೆ ಇಂಥ ಕೆಲವೇ ಬ್ಯಾಂಕುಗಳು ಸಾಲುವುದಿಲ್ಲ. ಮೂಳೆ ಸಿಗದ ಕಡೆ ದುಬಾರಿ ಲೋಹವೇ ಗತಿ, ಅದರ ಬಿಲ್ ರೋಗಿಯ ಮನೆಗೆ.

ಭಾರತದ ರೋಗಿ ಏಕೆ ಭಿನ್ನ?

ಪಾಶ್ಚಾತ್ಯ ದೇಶಗಳಲ್ಲಿ ಸೊಂಟದ ಕೀಲು ಬದಲಿಸಿಕೊಳ್ಳುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಕಾರಣ ಸಂಧಿವಾತದ ಸವೆತ. ನಮ್ಮಲ್ಲಿ ಚಿತ್ರ ಬೇರೆ. ತೊಡೆಮೂಳೆಯ ಗುಂಡಿಗೆ ರಕ್ತ ಪೂರೈಕೆ ನಿಂತು ಅದು ಕುಸಿಯುವ ಕಾಯಿಲೆ ಇಲ್ಲಿ ದೊಡ್ಡ ಕಾರಣ. ಸ್ಟಿರಾಯ್ಡ್ ಔಷಧ, ಮದ್ಯಪಾನ, ಅಪಘಾತದ ಪೆಟ್ಟು ಇದಕ್ಕೆ ದಾರಿ ಮಾಡುತ್ತವೆ. ಕೋವಿಡ್ ಚಿಕಿತ್ಸೆಯಲ್ಲಿ ಸ್ಟಿರಾಯ್ಡ್ ಪಡೆದ ಕೆಲವರಲ್ಲೂ ಇದು ಕಂಡುಬಂದಿದೆ. ರೋಗಿಗಳು ಮೂವತ್ತರ, ನಲವತ್ತರ ಹರೆಯದವರು.

ಸೊಂಟದ ಕೀಲುಗಳಲ್ಲಿ ಶೇ 58ರಷ್ಟು 25 ವರ್ಷ ಬಾಳುತ್ತವೆ ಎಂದು 'ಲ್ಯಾನ್ಸೆಟ್' ಪತ್ರಿಕೆ 2019ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜಿಸಿತ್ತು. ಎಪ್ಪತ್ತರಲ್ಲಿ ಕೀಲು ಹಾಕಿಸಿಕೊಂಡವರಿಗೆ ಇದು ಒಳ್ಳೆಯ ಸುದ್ದಿ. ಮೂವತ್ತೈದರಲ್ಲಿ ಹಾಕಿಸಿಕೊಂಡವರಿಗೆ? ಅರವತ್ತು ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದೇ ಅರ್ಥ. ಆ ದಿನಕ್ಕೆ ಎಷ್ಟು ಮೂಳೆ ಉಳಿಸಿಕೊಂಡಿದ್ದಾರೆ ಎಂಬುದರ ಮೇಲೆ ಅವರ ಮುಂದಿನ ಬದುಕು ನಿಂತಿದೆ.

ಪರಿಹಾರದ ಲೆಕ್ಕ

ಎಎಸ್‌ಆರ್ ಪ್ರಕರಣದಲ್ಲಿ ಅಗರ್ವಾಲ್ ಸಮಿತಿ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಕ್ರೀಡಾ ಗಾಯಗಳ ಕೇಂದ್ರದ ಅಂದಿನ ನಿರ್ದೇಶಕ ಡಾ. ಆರ್.ಕೆ. ಆರ್ಯ ನೇತೃತ್ವದ ಕೇಂದ್ರ ಸಮಿತಿ ನಂತರ ಸೂತ್ರ ರೂಪಿಸಿತು. ರೋಗಿಯ ವಯಸ್ಸು ಮತ್ತು ಅಂಗವೈಕಲ್ಯದ ಪ್ರಮಾಣ ನೋಡಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರ ಎಂದು ಸರ್ಕಾರ 2018ರ ನವೆಂಬರ್‌ನಲ್ಲಿ ಪ್ರಕಟಿಸಿತು. ರಾಜ್ಯಗಳಿಗೂ ಸಮಿತಿ ರಚಿಸಿ ರೋಗಿಗಳನ್ನು ಪರೀಕ್ಷಿಸುವಂತೆ ಸೂಚಿಸಲಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಈ ಯೋಜನೆಗೆ ವ್ಯಾಪಕ ಪ್ರಚಾರ ನೀಡುವಂತೆ ಹೇಳಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಇತ್ಯರ್ಥಪಡಿಸಿತು.

ಕಂಪನಿ ಈ ಸೂತ್ರವನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಇಂಥ ಪರಿಹಾರ ವಿಧಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂಬುದು ಅದರ ವಾದ. ತಾನಾಗಿಯೇ ಕೀಲನ್ನು ಹಿಂದಕ್ಕೆ ಪಡೆದಿದ್ದೇನೆ, ರೋಗಿಗಳ ಪರೀಕ್ಷೆ ಮತ್ತು ಮರು ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಿದ್ದೇನೆ ಎಂದೂ ಅದು ಹೇಳಿಕೊಂಡು ಬಂದಿದೆ. 2019ರ ಮೇ ತಿಂಗಳಲ್ಲಿ, ಮರು ಶಸ್ತ್ರಚಿಕಿತ್ಸೆ ಆಗಿರುವುದು ದೃಢಪಟ್ಟ 67 ಮಂದಿಗೆ ತಲಾ 25 ಲಕ್ಷ ರೂಪಾಯಿ ನೀಡಲು ಸಿದ್ಧ ಎಂದು ನ್ಯಾಯಾಲಯಕ್ಕೆ ತಿಳಿಸಿತು. ಅಮೆರಿಕದಲ್ಲಿ ಇದೇ ಕೀಲಿಗೆ ಸಂಬಂಧಿಸಿ ಸುಮಾರು 8 ಸಾವಿರ ಜನರ ಜೊತೆ ಸುಮಾರು 250 ಕೋಟಿ ಡಾಲರ್ ಮೊತ್ತದ ಒಪ್ಪಂದ 2013ರಲ್ಲೇ ಆಗಿತ್ತು.

4,700 ಎಲ್ಲಿ, 67 ಎಲ್ಲಿ? ದಾಖಲೆ ಇದ್ದವರಷ್ಟೇ ನ್ಯಾಯದ ಬಾಗಿಲವರೆಗೆ ಬಂದರು. ತನ್ನ ಸೊಂಟದಲ್ಲಿರುವುದು ಎಎಸ್‌ಆರ್ ಎಂದೇ ಗೊತ್ತಿಲ್ಲದ ರೋಗಿ ಸಹಾಯವಾಣಿಗೆ ಕರೆ ಮಾಡುವುದಾದರೂ ಹೇಗೆ? ಅಂಥವರಿಗೆ ಪರಿಹಾರವೂ ಇಲ್ಲ, ಮೂಳೆ ಉಳಿಸಿಕೊಳ್ಳುವ ಸಕಾಲದ ಪರೀಕ್ಷೆಯೂ ಇಲ್ಲ. ಮರು ಶಸ್ತ್ರಚಿಕಿತ್ಸೆಯ ವೆಚ್ಚ ಮರುಪಾವತಿಯನ್ನು 2025ರ ಆಗಸ್ಟ್‌ವರೆಗೆ ಮುಂದುವರಿಸಬೇಕು ಎಂದು ಸಮಿತಿ ಹೇಳಿತ್ತು. ಆ ಗಡುವೂ ಕಳೆದಿದೆ. ಲೋಹದ ಕಣಗಳಿಗೆ ಮಾತ್ರ ಗಡುವು ಗೊತ್ತಿಲ್ಲ.

ನೋಂದಣಿ ಎಂಬ ಮೊದಲ ಚಿಕಿತ್ಸೆ

ಸ್ವೀಡನ್ 1979ರಲ್ಲೇ ಸೊಂಟದ ಕೀಲುಗಳ ರಾಷ್ಟ್ರೀಯ ನೋಂದಣಿ ಆರಂಭಿಸಿತು. ಆಸ್ಟ್ರೇಲಿಯಾ, ಬ್ರಿಟನ್ ನಂತರ ಅದೇ ದಾರಿ ಹಿಡಿದವು. ಎಎಸ್‌ಆರ್ ದೋಷ ಬಯಲಾಗಿದ್ದು ಯಾವುದೇ ದಾಳಿಯಿಂದಲ್ಲ. ಯಾರಿಗೆ ಯಾವ ಕೀಲು, ಯಾವಾಗ ಹಾಕಿದ್ದು, ಯಾವಾಗ ತೆಗೆದದ್ದು ಎಂಬ ಸಾದಾ ಲೆಕ್ಕದಿಂದ.

ಭಾರತದಲ್ಲಿ ಕೀಲು ಶಸ್ತ್ರಚಿಕಿತ್ಸಕರ ಸಂಘಟನೆಯೊಂದು ನಡೆಸುವ ನೋಂದಣಿ ಇದೆ, ಆದರೆ ಅದು ಸ್ವಯಂಪ್ರೇರಿತ. ವೈದ್ಯಕೀಯ ಸಾಧನಗಳ ಅಡ್ಡಪರಿಣಾಮ ದಾಖಲಿಸುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ 2015ರ ಜುಲೈನಲ್ಲಿ ಶುರುವಾಯಿತು, ಅದರ ಕೇಂದ್ರ ದೆಹಲಿ ಪಕ್ಕದ ಗಾಜಿಯಾಬಾದ್‌ನಲ್ಲಿರುವ ಇಂಡಿಯನ್ ಫಾರ್ಮಕೋಪಿಯಾ ಆಯೋಗದಲ್ಲಿದೆ. ವೈದ್ಯಕೀಯ ಸಾಧನಗಳ ಹೊಸ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ. ಇವು ಮುಂದಿಟ್ಟ ಹೆಜ್ಜೆಗಳೇ. ಆದರೆ ಯಾರಾದರೂ ದೂರು ಬರೆದರೆ ಮಾತ್ರ ಅಡ್ಡಪರಿಣಾಮ ದಾಖಲಾಗುತ್ತದೆ. ಮೌನವಾಗಿ ಮೂಳೆ ಸವೆಯುತ್ತಿರುವ ರೋಗಿ ದೂರು ಬರೆಯುವುದಿಲ್ಲ. ಅವರನ್ನು ಹುಡುಕಲು ಪ್ರತಿ ಇಂಪ್ಲಾಂಟ್‌ಗೂ ಕಡ್ಡಾಯ ನೋಂದಣಿ ಬೇಕು. ಸಮಿತಿಯೂ ಸ್ವತಂತ್ರ ನೋಂದಣಿಗೆ ಒತ್ತು ನೀಡಿತ್ತು.

ಇದಕ್ಕೆ ದೊಡ್ಡ ಖರ್ಚಿಲ್ಲ. ಪ್ರತಿ ಇಂಪ್ಲಾಂಟ್ ಪೊಟ್ಟಣದಲ್ಲೂ ಸ್ಟಿಕ್ಕರ್ ಬರುತ್ತದೆ. ಆಯುಷ್ಮಾನ್ ಭಾರತ್‌ನಂಥ ಸರ್ಕಾರಿ ಯೋಜನೆಯಡಿ ನಡೆಯುವ ಶಸ್ತ್ರಚಿಕಿತ್ಸೆಗೆ ಹಣ ಬಿಡುಗಡೆ ಮಾಡುವಾಗ ಆ ಸಂಖ್ಯೆಯನ್ನು ನೋಂದಣಿಗೆ ಸೇರಿಸುವುದು ಕಡ್ಡಾಯವಾದರೆ ಅರ್ಧ ಕೆಲಸ ಮುಗಿದಂತೆ. ಖಾಸಗಿ ವಿಮಾ ಕಂಪನಿಗಳಿಗೂ ಅದೇ ನಿಯಮ ಮಾಡಬಹುದು.

ರೋಗಿಗಳು ಏನು ಮಾಡಬೇಕು?

ಸೊಂಟದ ಕೀಲು ಬದಲಿಸಿಕೊಂಡಿದ್ದರೆ, ನಿಮ್ಮ ಡಿಸ್ಚಾರ್ಜ್ ಸಾರಾಂಶ ಮತ್ತು ಇಂಪ್ಲಾಂಟ್ ಸ್ಟಿಕ್ಕರ್ ಇದೆಯೇ ಎಂದು ಇಂದೇ ನೋಡಿ. ಇಲ್ಲದಿದ್ದರೆ ಆಸ್ಪತ್ರೆಯಿಂದ ಪ್ರತಿ ಕೇಳಿ ಪಡೆಯಿರಿ, ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟು ಮನೆಯವರಿಗೂ ಕಳುಹಿಸಿ. ನೋವಿಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ಎಕ್ಸ್‌ರೇ ತೆಗೆಸಿ, ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ. ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದಾಗಲೇ ಸವೆತ ಕಾಣುವುದು. 2010ಕ್ಕಿಂತ ಮೊದಲು ಲೋಹದ ಮೇಲೆ ಲೋಹದ ಕೀಲು ಹಾಕಿಸಿಕೊಂಡವರು ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆಯ ಬಗ್ಗೆ ಮೂಳೆ ತಜ್ಞರನ್ನು ಕೇಳಬೇಕು. ತೊಡೆಸಂದಿಯಲ್ಲಿ ಹೊಸ ನೋವು, ಕಾಲು ಗಿಡ್ಡವಾದಂತೆ ಅನಿಸುವುದು, ಕುಂಟುವುದು, ಊತ, ಜ್ವರ, ಇವುಗಳನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು.

ಮರು ಶಸ್ತ್ರಚಿಕಿತ್ಸೆ ಬೇಕು ಎಂದಾದರೆ, ಇಂಥವನ್ನು ನಿಯಮಿತವಾಗಿ ಮಾಡುವ ತಂಡವಿರುವ ಕೇಂದ್ರವನ್ನೇ ಆರಿಸಿಕೊಳ್ಳಿ. ಮೂಳೆ ನಷ್ಟ ಎಷ್ಟಿದೆ, ಅದನ್ನು ಹೇಗೆ ತುಂಬುತ್ತೀರಿ, ಸೋಂಕು ಪರೀಕ್ಷೆ ಆಗಿದೆಯೇ, ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ಎಷ್ಟು ವಾರ ಬೇಕು ಎಂದು ಕೇಳುವುದು ನಿಮ್ಮ ಹಕ್ಕು.

ಕರಗಿದ ಮೂಳೆಯನ್ನು ಲೋಹದಿಂದ, ದಾನದ ಮೂಳೆಯಿಂದ ತುಂಬುವ ವಿದ್ಯೆ ನಮ್ಮ ವೈದ್ಯರಿಗೆ ಬಂದಿದೆ. ಆದರೆ ಪತ್ತೆಯಾಗದ 3,600 ಹೆಸರುಗಳನ್ನು ಯಾವ ಸರ್ಜನ್ನೂ ತುಂಬಿಕೊಡಲಾರರು. ಆ ಕೆಲಸ ಸರ್ಕಾರದ್ದು, ಆಸ್ಪತ್ರೆಗಳದ್ದು, ಇಂಪ್ಲಾಂಟ್ ಮಾರುವ ಕಂಪನಿಗಳದ್ದು. ಮುಂದಿನ ದೋಷಪೂರಿತ ಕೀಲು ಮಾರುಕಟ್ಟೆಗೆ ಬರುವ ಮೊದಲೇ ಆ ಪುಸ್ತಕ ತೆರೆದಿರಬೇಕು.